ಏಲಕ್ಕಿ ಘಮದ ಗಟಾರದ ನೀರು

ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದು ನಿಶ್ಚಿಂತಳಾಗಿದ್ದೆ. ಮೊನ್ನೆ ನನ್ನ ಹಳೆಯ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬೆಳಗಾವಿ ಟಿಳಕವಾಡಿಯ ನಮ್ಮ ಮನೆ ಹುಡುಕಿಕೊಂಡು ಬಂದಳು. "ಮೇಡಮ್, ಈ ಕೆಲಸದಾಗ ಎಲ್ಲಕ್ಕಿಂತ ಮೊದಲ ಏನ್ ಕಲೀಬೇಕ್ರಿ?" ಎಂದು ಕೇಳಿ ಪೆನ್ನು ಹಿಡಿದು ಕುಳಿತಳು. ನಾನು ಯಾವುದೋ ಯಂತ್ರದ ಹೆಸರನ್ನೋ ಲೆಕ್ಕದ ವಿಧಾನವನ್ನೋ ಹೇಳುತ್ತೇನೆಂದು ಅವಳ ನಿರೀಕ್ಷೆ. "ಹಳ್ಳಿಗಿ ಹೋದಾಗ ಅವರು ಕೊಟ್ಟ ನೀರು ಮೊದಲ ಕುಡೀಬೇಕು. ಆಮ್ಯಾಲ ನಿನ್ನ ಬಾಟ್ಲಿ ಹೊರಗ ತಗೀಬೇಕು" ಎಂದೆ. ಪಾಪ, ಪೆನ್ನಿನ ಟೊಪ್ಪಿಗೆ ಹಾಕಿಬಿಟ್ಟಳು. ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಳೋ ಏನೋ. ಅವಳ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದು ಇದರಲ್ಲಿಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ.

ನನ್ನ ಕೆಲಸ ಏನಿತ್ತು ಎಂಬುದನ್ನು ಮೊದಲು ಹೇಳಬೇಕು. ನಮ್ಮ ಮನೆಯವರಿಗೇ ಅದು ಕೊನೆಯವರೆಗೂ ತಿಳಿಯಲಿಲ್ಲ. ಬೆರಳುದ್ದದ ರಬ್ಬರಿನ ತುಂಡೊಂದನ್ನು ಮಾಡುತ್ತೇವೆ. ಅದರೊಳಗೆ ಸಣ್ಣ ಸಣ್ಣ ಕಾಲುವೆಗಳು, ಕೆಲವು ಕೂದಲೆಳೆಯಷ್ಟು, ಕೆಲವು ಸಾಸಿವೆ ಕಾಳು ಹೋಗುವಷ್ಟು. ಇದನ್ನು ಚಿಪ್ ಎನ್ನುತ್ತೇವೆ. ಅದರಲ್ಲಿ ಹನಿಹನಿಯಾಗಿ ನೀರು ಹರಿಸಿ, ಆ ನೀರಿನಲ್ಲಿ ವಿಷವಿದೆಯೇ ಎಂದು ನೋಡುತ್ತೇವೆ. ಇದಕ್ಕೆ ಮೈಕ್ರೋಫ್ಲುಯಿಡಿಕ್ಸ್ ಎಂಬ ಉದ್ದನೆಯ ಹೆಸರಿದೆ. ನಾನು ಇದನ್ನೆಲ್ಲ ಊಟದ ಹೊತ್ತಿನಲ್ಲಿ ವಿವರಿಸಿ ಹೇಳಿದ ಮೇಲೆ ನನ್ನ ನಾದಿನಿಯ ಗಂಡ ಬಹಳ ಹೊತ್ತು ಯೋಚಿಸಿ, "ಅಂದ್ರ ವೈನಿ, ನಮ್ಮ ಗಲ್ಲಿ ನಳದಾಗ ನೀರ ಭಾಳ ಸಣ್ಣಗ ಬರ್ತೈತಿ, ನೀವು ಅದ ಖಾತೇದಾಗ ಇದ್ದೀರಿ ಹೌದಿಲ್ಲೊ? ಒಂದೀಟು ಹೇಳ್ರಲ್ಲ" ಎಂದರು. ಆಮೇಲೆ ನಾನು ಯಾರಿಗೂ ವಿವರಿಸಲು ಹೋಗಲಿಲ್ಲ. ನೀರಿನ ಇಲಾಖೆ ಎಂದೇ ಹೇಳುತ್ತಿದ್ದೆ.

ನೀರಿನಲ್ಲಿ ವಿಷವಿದೆಯೇ ಎಂದು ದೊಡ್ಡ ಯಂತ್ರಗಳೂ ಹೇಳುತ್ತವೆ. ಆದರೆ ಯಾವ ವಿಷವನ್ನು ಹುಡುಕಬೇಕು ಎಂದು ಯಂತ್ರಕ್ಕೆ ಮೊದಲೇ ಹೇಳಿಕೊಡಬೇಕು. ನೀರುಚಿಗಟಕ್ಕೆ ಹಾಗೇನೂ ಹೇಳಬೇಕಾಗಿಲ್ಲ. ಹೊಂಡಗಳಲ್ಲಿ ಜಿಗಿಯುತ್ತ ಈಜುವ, ಗಾಜಿನಂತಹ ಮೈಯ ಪುಟ್ಟ ಜೀವಿ ಅದು. ಹುಟ್ಟಿದಾಗ ಕಣ್ಣಿಗೆ ಬೀಳುವುದೇ ಕಷ್ಟ, ಬೆಳೆದರೆ ಗಸಗಸೆ ಕಾಳಿಗಿಂತ ಒಂದಿಷ್ಟು ದೊಡ್ಡದು. ನೀರು ಒಳ್ಳೆಯದಿದ್ದರೆ ಜಿಗಿಯುತ್ತದೆ, ಕೆಟ್ಟದಿದ್ದರೆ ತಳಕ್ಕಿಳಿದು ಬಿದ್ದುಕೊಳ್ಳುತ್ತದೆ. ಇವುಗಳನ್ನು ಸಾಕುವ ಜವಾಬ್ದಾರಿ ನನ್ನ ಕಿರಿಯ ಸಹೋದ್ಯೋಗಿ ಸದಾನಂದ ಕುಲಕರ್ಣಿಯದಾಗಿತ್ತು. ಅವನು ಅಷ್ಟಕ್ಕೂ ಒಂದೇ ಹೆಸರಿಟ್ಟಿದ್ದ, ಪಿಂಟ್ಯಾ. "ಗುರುತು ಸಿಗಂಗಿಲ್ಲಲ್ರೀ ಮೇಡಮ್. ಎಲ್ಲಾರಿಗೂ ಒಂದ ಹೆಸರಿಟ್ರ ಯಾರಿಗೂ ಬ್ಯಾಸರ ಇಲ್ಲ" ಎನ್ನುತ್ತಿದ್ದ. ದೊಡ್ಡ ದೊಡ್ಡ ಸಭೆಗಳಲ್ಲಿ ಪ್ರಬಂಧ ಓದುವಾಗಲೂ ಅವನ ಬಾಯಿಂದ ಪಿಂಟ್ಯಾ ಎಂದು ಬಂದುಬಿಡುತ್ತಿತ್ತು. ಒಮ್ಮೆ ಹೊರದೇಶದವರೊಬ್ಬರು ಅದು ಭಾರತೀಯ ತಳಿಯೋ ಎಂದು ಕೇಳಿದರು. ಹೌದು, ಅಪ್ಪಟ ಬೆಳಗಾವಿಯದು ಎಂದ.

ಈಗ ಚಿಪ್ಪನ್ನು ಯಂತ್ರ ಮುದ್ರಿಸಿಕೊಡುತ್ತದೆ. ಆಗ ನಾವೇ ಅಡುಗೆ ಮಾಡಿದಂತೆ ಮಾಡಬೇಕಾಗಿತ್ತು. ಪಾಕದಂತಹ ಎರಡು ದ್ರವ ಕಲಸಿ, ಅಚ್ಚಿನ ಮೇಲೆ ಸುರಿದು, ಒಳಗಿನ ಗುಳ್ಳೆಗಳನ್ನೆಲ್ಲ ಹೊರಹಾಕಿ, ಓವನ್ನಿನಲ್ಲಿ ಹದವಾಗಿ ಕಾಯಿಸಿದರೆ ಗಟ್ಟಿಯಾಗಿ ಕೂರುತ್ತಿತ್ತು. ಒಂದು ಸಲ ಓವನ್ ಕೆಟ್ಟಿತು. ಸದಾನಂದ ಧೃತಿಗೆಡುವ ಆಳಲ್ಲ. ನಮ್ಮ ಕ್ಯಾಂಟೀನಿನಲ್ಲಿ ಬೆಳಗಿನಿಂದ ನಮ್ಮೂರಿನ ಕಂದು ಬಣ್ಣದ ಸಿಹಿ ಕುಂದಾಕ್ಕಾಗಿ ಹಾಲು ಕುದಿಸುತ್ತಿದ್ದರು. ಆ ಒಲೆಯ ಮಗ್ಗುಲಿನ ಬಿಸಿಯೇ ನಮಗೆ ಬೇಕಾದ ಹದ ಎಂದು ಅಲ್ಲಿ ತಟ್ಟೆ ಇಟ್ಟ. ಚೆನ್ನಾಗಿಯೇ ಗಟ್ಟಿಯಾಯಿತು. ಅದನ್ನು ಚೌಕ ಚೌಕ ಕತ್ತರಿಸಿ, ಧೂಳು ಬೀಳದಿರಲೆಂದು ಮೇಲೆ ಜಾಳಿಗೆ ಮುಚ್ಚಿ, ನನ್ನನ್ನು ಕರೆಯಲು ಬಂದ.

ಅವತ್ತೇ ಬೆಂಗಳೂರಿನಿಂದ ತಪಾಸಣೆಗೆ ಬಂದಿದ್ದ ಅಧಿಕಾರಿಗಳು ಚಹಾಕ್ಕೆಂದು ಕ್ಯಾಂಟೀನಿಗೆ ಹೋಗಿದ್ದರು. ನಾವು ಹೋಗಿ ನೋಡಿದರೆ ಜಾಳಿಗೆ ಪಕ್ಕಕ್ಕಿತ್ತು, ಸಾಹೇಬರು ಅಗಿಯುತ್ತಿದ್ದರು. ಅಗಿದೇ ಅಗಿದರು. ಕಡೆಗೊಮ್ಮೆ ಕಷ್ಟಪಟ್ಟು ನುಂಗಿ, "ನಿಮ್ಮೂರಿನ ಕುಂದಾ ಅಂತ ಕೇಳಿದ್ದೆ ಅಷ್ಟೇ ಮೇಡಂ, ಇಷ್ಟು ಬೆಳ್ಳಗಿರುತ್ತೆ ಅಂತ ಗೊತ್ತಿರಲಿಲ್ಲ. ಚೆನ್ನಾಗಿದೆ. ಸಿಹಿ ಸ್ವಲ್ಪ ಕಮ್ಮಿ" ಎಂದರು. ನನ್ನ ಜೀವ ಬಾಯಿಗೆ ಬಂತು. ಸದಾನಂದ ಮಾತ್ರ ತಣ್ಣಗೆ, "ಹೆದರಬ್ಯಾಡ್ರಿ ಸರ್, ಅದು ಕರಗಂಗಿಲ್ಲ. ಹೆಂಗ ಹೋಗೇತೊ ಹಂಗ ಹೊರಗ ಬರ್ತೈತಿ" ಎಂದು ಸಮಾಧಾನ ಹೇಳಿದ. ಅವರ ಮುಖ ಬಿಳುಚಿಕೊಂಡಿತು. ಅವರಿಗೆ ಏನೂ ಆಗಲಿಲ್ಲ. ಆದರೆ ನಾವು ವರ್ಷಗಟ್ಟಲೆ ಅರ್ಜಿ ಹಾಕಿದರೂ ಸಿಗದಿದ್ದ ಹೊಸ ಓವನ್ ಆ ತಪಾಸಣೆಯ ಬೆನ್ನಿಗೇ ಬಂತು.

ನಮ್ಮ ನಿರ್ದೇಶಕರು ಹಣಮಂತರಾವ್ ಸಾಹೇಬರು. ಮನುಷ್ಯ ಒಳ್ಳೆಯವರು, ಆದರೆ ಸಣ್ಣ ವಸ್ತು ಎಂದರೆ ಅವರಿಗೆ ಅಪನಂಬಿಕೆ. ಮಂತ್ರಿಗಳೊಬ್ಬರು ಬರುವವರಿದ್ದರು. ಸಾಹೇಬರು ನನ್ನ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಆಚೆ ಈಚೆ ತಿರುಗಿಸಿ ನೋಡಿದರು.

"ಇದರಾಗ ಏನೂ ಕಾಣಂಗಿಲ್ಲಲ್ರೀ ಮೇಡಮ್."

"ಮೈಕ್ರೋಸ್ಕೋಪಿನಾಗ ಕಾಣತೈತ್ರಿ ಸರ್."

"ಅವರು ಬಗ್ಗಂಗಿಲ್ರಿ, ಅವರಿಗೆ ನಡ ನೋವು ಐತಿ. ದೊಡ್ಡದು ಮಾಡ್ರಿ."

"ಎಷ್ಟ್ ದೊಡ್ಡದು ಸರ್?"

ಸಾಹೇಬರು ಕೋಣೆಯ ಸುತ್ತ ಕಣ್ಣಾಡಿಸಿ ಬಾಗಿಲಿನ ಕಡೆ ಕೈ ತೋರಿಸಿದರು.

ಜೀವಮಾನವೆಲ್ಲ ಕಾಲುವೆಯನ್ನು ಇನ್ನಷ್ಟು ಸಣ್ಣದು ಹೇಗೆ ಮಾಡಲಿ ಎಂದು ತಲೆ ಕೆಡಿಸಿಕೊಂಡ ನಾನು, ಖಡೇಬಜಾರಿನಲ್ಲಿ ಅಂಗಡಿಗಳ ಬೋರ್ಡು ಮಾಡುವವನ ಹತ್ತಿರ ಹೋಗಿ ಬಾಗಿಲಿನಷ್ಟು ದೊಡ್ಡ ಚಿಪ್ ಮಾಡಿಸಿದೆ. ಎರಡು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ನಡುವೆ ಕೈ ಹೋಗುವಷ್ಟು ಅಗಲದ ಕಾಲುವೆಗಳು, ಮೇಲೆ ಬಕೆಟ್ಟು, ಕೆಳಗೆ ನಳ. ಬೋರ್ಡಿನವನು ಕೊನೆಯವರೆಗೂ, "ಅಕ್ಷರ ಯಾವಾಗ ಬರಸ್ತೀರಿ ಬಾಯಾರ?" ಎಂದು ಕೇಳುತ್ತಲೇ ಇದ್ದ. ಮಂತ್ರಿಗಳು ಬಂದ ದಿನ ಕೆಂಪು ಬಣ್ಣದ ನೀರು ಹರಿಸಿದೆವು. ಕೆಳಗಿನ ಅಂಚು ಬಿಟ್ಟುಕೊಂಡಿತು. ಅವರ ಬಿಳಿ ಬಟ್ಟೆ ರಂಗಪಂಚಮಿಯ ಬಟ್ಟೆಯಾಯಿತು. ಸಾಹೇಬರು ಗಾಬರಿಯಲ್ಲೇ, "ಇದ ರೀ ಸರ್, ಹರಿವು ಅಂದ್ರ ಇದ" ಎಂದರು. ಅದಾದ ಮೇಲೆ ಆ ಮಹಾಚಿಪ್ಪು ಸೈಕಲ್ ಸ್ಟ್ಯಾಂಡಿನ ಹಿಂದೆ ಗೋಡೆಗೊರಗಿ ನಿಂತಿತು. ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಇನ್ನು ಬೆಂಡೆಕಾಯಿಯ ಕಾಲ. ಪಿಂಟ್ಯಾಗಳು ತಿನ್ನುವುದು ಹಸಿರು ಪಾಚಿಯನ್ನು. ಚಿಪ್ಪಿನ ಕಾಲುವೆಯಲ್ಲಿ ಪಾಚಿ ತೇಲಿ ಹೋಗದಂತೆ ಅದನ್ನು ಮೆತ್ತನೆಯ ಲೋಳೆಯೊಂದರಲ್ಲಿ ಹಿಡಿದಿಡಬೇಕಾಗಿತ್ತು. ಜೀವಕ್ಕೆ ಒಗ್ಗುವ ಇಂತಹ ವಸ್ತುಗಳನ್ನು ಮಾಡುವುದೂ ನಮ್ಮ ಕೆಲಸದ ಒಂದು ಭಾಗ. ನಾವು ಬೆಂಡೆಕಾಯಿಯ ಲೋಳೆಯನ್ನು ಹಿಡಿದೆವು. ಪ್ರಯೋಗಾಲಯದಲ್ಲಿ ಲೋಳೆ, ಲೋಳೆ ತೆಗೆದ ಬೆಂಡೆಕಾಯಿ ಎಲ್ಲರ ಡಬ್ಬಿಯಲ್ಲಿ. ಪಲ್ಯ, ಗೊಜ್ಜು, ಮತ್ತೆ ಪಲ್ಯ. ನನ್ನ ಗಂಡ ಒಂದು ದಿನ ತಟ್ಟೆ ಮುಂದೆ ಕೈಮುಗಿದು ಕುಳಿತರು. ಆಗ ಸದಾನಂದ ಹೇಳಿದ, "ಮೇಡಮ್, ಪಾರಿಶ್ವಾಡದ ಕಡೆ ನಮ್ಮ ಮಾವಶಿ ಊರಾಗ ಬೆಲ್ಲದ ಗಾಣ ಐತ್ರಿ. ಕಬ್ಬಿನ ಹಾಲಿನ ಕಸಾ ತಗ್ಯಾಕ ಅವರು ಬೆಂಡಿ ಗಿಡದ ಲೋಳಿ ಹಾಕ್ತಾರ. ಹೋಗಿ ನೋಡೂಣು?"

ಹಾಗೆ ನಾವು ಈರಪ್ಪನ ಗಾಣಕ್ಕೆ ಹೋದದ್ದು. ಈರಪ್ಪ ಮಾತು ಕಡಿಮೆಯ ಮನುಷ್ಯ. ಅವನ ತಾಯಿ ಗಂಗವ್ವ ಆ ಕೊರತೆ ತುಂಬಿಕೊಡುತ್ತಿದ್ದಳು. ನಾವು ಜೀಪಿನಿಂದ ಇಳಿಯುವುದೇ ತಡ, "ಬರ್ರಿ ಬಾಯಾರ, ಕುಂದರ್ರಿ" ಎಂದು ಒಂದು ತಂಬಿಗೆ ನೀರು, ಒಂದು ತುಣುಕು ಬೆಲ್ಲ ತಂದು ಮುಂದಿಟ್ಟಳು. ನಮ್ಮ ಕಡೆ ಮನೆಗೆ ಬಂದ ಪಾವಣ್ಯಾರಿಗೆ, ಅಂದರೆ ಅತಿಥಿಗಳಿಗೆ, ಮೊದಲು ಕೊಡುವುದು ಅದನ್ನೇ. ಕಬ್ಬು ಅರೆಯುವ ಕಾಲದಲ್ಲಿ ನಾವು ಮೇಲಿಂದ ಮೇಲೆ ಹೋಗತೊಡಗಿದೆವು. ಲೋಳೆ ನೆಪ, ಬಿಸಿ ಬೆಲ್ಲ ಕಾರಣ. ಬೆಂಡೆಯ ಲೋಳೆ ಪಾಚಿಯನ್ನು ಚೆನ್ನಾಗಿಯೇ ಹಿಡಿಯಿತು. ಆಮೇಲೆ ಕೊಳೆತು ಎಂಥ ವಾಸನೆ ಹೊಡೆಯಿತೆಂದರೆ ಹಣಮಂತರಾವ್ ಸಾಹೇಬರು ತಮ್ಮ ಕೋಣೆಯನ್ನೇ ಮೇಲಿನ ಮಹಡಿಗೆ ಬದಲಾಯಿಸಿಕೊಂಡರು. ಪಿಂಟ್ಯಾಗಳು ಮಾತ್ರ ಅದನ್ನು ಇಷ್ಟಪಟ್ಟು ತಿಂದವು.

ಮರುವರ್ಷ ಗಾಣ ಶುರುವಾಗುವ ಹೊತ್ತಿಗೆ ಆ ಊರಿನ ಹಳ್ಳದಲ್ಲಿ ಮೀನು ಸತ್ತು ತೇಲಿದವು. ಈರಪ್ಪನ ಗಾಣದ ಗಟಾರ ಅದೇ ಹಳ್ಳಕ್ಕೆ ಸೇರುತ್ತದೆ. ಬೆಲ್ಲಕ್ಕೆ ಬಣ್ಣ ಬರಲೆಂದು ಅವನು ಔಷಧ ಹಾಕುತ್ತಾನೆ, ಅದೇ ನೀರಿಗೆ ಬಂದಿದೆ ಎಂದು ಪಂಚಾಯತಿ ಮೆಂಬರ್ ಬಾಳಪ್ಪ ಊರ ತುಂಬ ಹೇಳಿದ. ಬಾಳಪ್ಪನ ಧ್ವನಿ ದೊಡ್ಡದು. ಅವನು ಗುಟ್ಟು ಹೇಳಿದರೂ ಮುಂದಿನ ಊರಿಗೆ ಕೇಳುತ್ತಿತ್ತು. ನೀರಿನ ಪರೀಕ್ಷೆಯಾಗುವವರೆಗೆ ಗಾಣದ ಒಲೆ ಹಚ್ಚಬಾರದು ಎಂದು ಪಂಚಾಯತಿಯಲ್ಲಿ ತೀರ್ಮಾನವಾಯಿತು. ಪರೀಕ್ಷೆ ಯಾರು ಮಾಡಬೇಕು? ಬೆಂಡೆಕಾಯಿ ಬಾಯಾರೇ ಮಾಡಲಿ ಎಂದರಂತೆ. ಆ ಊರಿನಲ್ಲಿ ನನ್ನ ಹೆಸರು ಅದು.

ನಾವು ಹೋದಾಗ ಗಾಣದ ಮುಂದೆ ಕಡಿದ ಕಬ್ಬು ಒಣಗುತ್ತ ಬಿದ್ದಿತ್ತು. ಒಲೆಯಲ್ಲಿ ಬೆಕ್ಕು ಮಲಗಿತ್ತು. ಊರಿನಲ್ಲಿ ಬಾಣಂತಿಗೆ, ಮದುವೆಗೆ, ಹಬ್ಬಕ್ಕೆ ಎಲ್ಲರೂ ಬೆಲ್ಲ ಒಯ್ಯುತ್ತಿದ್ದುದು ಈ ಮನೆಯಿಂದ. ಈಗ ಯಾರೂ ಈ ಕಡೆ ಹಾಯುತ್ತಿರಲಿಲ್ಲ. ಆದರೂ ಗಂಗವ್ವ ನೀರು ಬೆಲ್ಲ ತಂದಳು. ನಮಗೆ ಕೊಟ್ಟಳು, ಜೊತೆಗೆ ಬಂದಿದ್ದ ಬಾಳಪ್ಪನ ಮುಂದೆಯೂ ಹಿಡಿದಳು. ಬಾಳಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ.

"ಬ್ಯಾಡ ಯವ್ವಾ. ಮೀನಾ ಸತ್ತಾವ, ನನಗ ಮಕ್ಕಳು ಮರಿ ಅದಾವ."

ತಟ್ಟೆ ಹಿಡಿದ ಗಂಗವ್ವನ ಕೈ ಹಾಗೇ ನಿಂತಿತು. ಅವಳು ಮಾತಾಡದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಳಪ್ಪನ ತಲೆಯ ಮೇಲೆ ತಂಬಿಗೆ ಮಗುಚಬೇಕು ಎಂದು ನನಗೆ ಎನಿಸಿತು. ಸರಕಾರಿ ಕೆಲಸ ಎಂದು ಸುಮ್ಮನಿದ್ದೆ.

ನಾನು ಬಾಟಲಿ ತೆಗೆದು ಹಳ್ಳಕ್ಕಿಳಿಯಲು ಹೊರಟೆ. ಈರಪ್ಪ ಕೈಯಿಂದ ಕಸಿದುಕೊಂಡ. "ಕೆಸರಾಗ ನೀವ್ಯಾಕ ಇಳೀತೀರಿ? ಎಲ್ಲಿ ತುಂಬಬೇಕು ಹೇಳ್ರಿ, ನಾ ತುಂಬಿ ತರ್ತೀನಿ." ಗಾಣದ ಗಟಾರ ಹಳ್ಳಕ್ಕೆ ಬೀಳುವಲ್ಲಿ ಒಂದು, ಹಳ್ಳದ ಮೇಲಿನ ಮಡುವಿನಲ್ಲಿ ಒಂದು, ಊರಿನ ನಳದಲ್ಲಿ ಒಂದು ಎಂದು ಹೇಳಿ ನಾವು ಕಟ್ಟೆಯ ಮೇಲೆ ಕುಳಿತೆವು. ಬಾಳಪ್ಪ ಈರಪ್ಪನ ಬೆನ್ನಿಗೇ ಹೋಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬಂದ. ಈರಪ್ಪ ಸರಿಯಾಗಿಯೇ ತುಂಬಿ ಬಾಟಲಿಗಳನ್ನು ಪಡಸಾಲೆಯಲ್ಲಿಟ್ಟ. ಒಳಗಿನಿಂದ ಅವಲಕ್ಕಿ ಬಂತು, ಚಹಾ ಬಂತು. ಎಲ್ಲ ಮುಗಿಸಿ ಬಾಟಲಿ ತೆಗೆದುಕೊಂಡು ಬೆಳಗಾವಿಗೆ ಬಂದೆವು.

ಪ್ರಯೋಗಾಲಯದಲ್ಲಿ ಪಿಂಟ್ಯಾಗಳನ್ನು ಚಿಪ್ಪಿನೊಳಗೆ ಬಿಟ್ಟು ಗಟಾರದ ನೀರು ಹರಿಸಿದೆವು. ಸದಾನಂದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವನು ಎತ್ತಲೇ ಇಲ್ಲ.

"ಏನಾತೊ?"

"ಮೇಡಮ್, ಇವು ಲಗ್ನದ ವರಾತದಾಗ ಕುಣದಂಗ ಕುಣ್ಯಾಕತ್ತಾವ್ರಿ."

ಮಡುವಿನ ನೀರಿನಲ್ಲೂ ಕುಣಿದವು, ನಳದ ನೀರಿನಲ್ಲೂ ಕುಣಿದವು. ನಾವು ಅವುಗಳನ್ನು ಸಾಕಿದ್ದ ನೀರಿಗಿಂತ ಆ ಗಟಾರವೇ ಅವಕ್ಕೆ ಹೆಚ್ಚು ಹಿತವಾಗಿತ್ತು. ಯಂತ್ರಕ್ಕೆ ಹಾಕಿದರೆ ಯಂತ್ರವೂ ಹೊಗಳಿತು. ಹಣಮಂತರಾವ್ ಸಾಹೇಬರು ಮೇಲಿನಿಂದ ಇಳಿದು ಬಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು. "ಮೇಡಮ್, ಗಟಾರದಾಗ ಯಾಲಕ್ಕಿ ವಾಸನಿ ಹೊಡ್ಯಾಕತ್ತೈತಲ್ರೀ!" ನಾನೂ ಮೂಸಿದೆ. ಖರೇ, ಏಲಕ್ಕಿ. ಮೂರೂ ಬಾಟಲಿಯಲ್ಲಿ ಏಲಕ್ಕಿ.

ಸುದ್ದಿ ಹೇಗೋ ಊರಿಗೆ ಮುಟ್ಟಿತು. ಈರಪ್ಪ ನೀರು ಬದಲು ಮಾಡಿದ್ದಾನೆ, ಕಳ್ಳನಲ್ಲದಿದ್ದರೆ ಯಾಕೆ ಮಾಡಬೇಕು ಎಂದು ಬಾಳಪ್ಪ ಮತ್ತೆ ಧ್ವನಿ ಎತ್ತಿದ. ಈರಪ್ಪ ಫೋನಿನಲ್ಲಿ, "ಬಸವಣ್ಣನ ಆಣಿ ಮಾಡಿ ಹೇಳ್ತೀನ್ರಿ ಬಾಯಾರ, ಗಟಾರದಾಗ ಕೈ ಹಾಕಿ ತುಂಬೇನಿ. ಅವನೂ ನೋಡ್ಯಾನ" ಎಂದ. ನೋಡಿದ್ದೆ ನಿಜ, ಆಮೇಲೆ ಬದಲು ಮಾಡಿದ್ದಾನೆ ಎಂದ ಬಾಳಪ್ಪ. ನಾನು ಈರಪ್ಪನನ್ನು ನಂಬಿದೆ. ಆದರೆ ಮೂಗಿಗೆ ಬಂದ ಏಲಕ್ಕಿಯನ್ನು ಏನು ಮಾಡಲಿ? ಈ ಕೆಲಸದಲ್ಲಿ ಅದೇ ಕಷ್ಟ. ಮನಸ್ಸು ಒಂದು ಹೇಳಿದರೂ ಕೈಯಲ್ಲಿರುವ ನೀರು ಇನ್ನೊಂದು ಹೇಳುತ್ತದೆ, ಮತ್ತು ಬರೆಯಬೇಕಾದದ್ದು ನೀರು ಹೇಳಿದ್ದನ್ನು.

ಮತ್ತೆ ಹೋದೆವು. ಮನೆಯಲ್ಲಿ ಎಲ್ಲರ ಮುಖ ಸಣ್ಣದಾಗಿತ್ತು. ಗಂಗವ್ವ ನೀರು ಬೆಲ್ಲ ಇಟ್ಟು, ನಮ್ಮ ಹತ್ತಿರ ಕುಳಿತು, ಬಹಳ ಮೆತ್ತಗೆ ಕೇಳಿದಳು.

"ಅವತ್ತ ಕೊಟ್ಟ ನೀರು ಚಲೋ ಇತ್ತಿಲ್ರಿ ಬಾಯಾರ? ಯಾಲಕ್ಕಿ ಹಾಕಿದ್ನಿ."

ನಾನು ಬೆಲ್ಲ ಬಾಯಲ್ಲಿಟ್ಟುಕೊಂಡವಳು ಹಾಗೇ ಕುಳಿತೆ.

"ಯಾವ ನೀರು ಆಯಿ?"

"ನಿಮ್ಮ ಬಾಟ್ಲಿದು. ಈ ಖೋಡಿ ಮಗಾ ಗಟಾರದ ನೀರು ತುಂಬಿ ಇಟ್ಟಿದ್ದ ನೋಡ್ರಿ! ಬೆಳಗಾವಿಂದ ಬಂದವರಿಗೆ ಅಂಥಾ ಹೊಲಸು ನೀರು ಕೊಟ್ಟು ಕಳಸೂದ? ನನಗ ನಾಚಿಗಿ ಬಂತು. ಮೂರೂ ಬಾಟ್ಲಿ ಚೆಲ್ಲಿ, ಹುಣಸಿಹಣ್ಣು ಹಚ್ಚಿ ತಿಕ್ಕಿ, ಕೊಡದಾಗಿಂದು ಸೋಸಿ ತುಂಬೇನಿ."

ಈರಪ್ಪ ಹಣೆ ಹಣೆ ಬಡಿದುಕೊಂಡ. "ಯವ್ವಾ, ನನ್ನ ಮಾನಾ ಹೋತಲ್ಲ ಯವ್ವಾ!" ಎಂದ. ಗಂಗವ್ವನಿಗೆ ಅರ್ಥವಾಗಲಿಲ್ಲ. "ಏನ್ ಮಾನಾ? ಹೊಲಸು ನೀರು ಕೊಟ್ಟಿದ್ರ ಮಾನಾ ಹೋಗ್ತಿತ್ತು" ಎಂದಳು. ಸದಾನಂದ ನಗು ತಡೆಯಲಾಗದೆ ಎದ್ದು ಹೊರಗೆ ಹೋದ. ನಾನೂ ನಕ್ಕೆ, ಆದರೆ ಒಳಗೆ ಅಳು ಬರುವಂತಾಗಿತ್ತು. ಮಗನ ಮಾನ ಕಾಯಬೇಕಾಗಿದ್ದ ಹೊಲಸು ನೀರನ್ನು ತಾಯಿ ಮನೆಯ ಮಾನಕ್ಕಾಗಿ ಚೆಲ್ಲಿದ್ದಳು.

ಈ ಸಲ ಗಂಗವ್ವ ಕೊಟ್ಟ ನೀರನ್ನು ಮೊದಲು ತಂಬಿಗೆ ಬರಿದಾಗುವಂತೆ ಕುಡಿದು, ಆಮೇಲೆ ಬಾಟಲಿ ಹಿಡಿದು ನಾನೇ ಹಳ್ಳಕ್ಕಿಳಿದೆ. ಬಾಟಲಿಗಳನ್ನು ಬೆಳಗಾವಿ ಮುಟ್ಟುವವರೆಗೂ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಗಟಾರದ ನೀರಿನಲ್ಲಿ ಪಿಂಟ್ಯಾಗಳು ಮೊದಲಿನಂತೆ ಕುಣಿಯಲಿಲ್ಲ, ಊಟವಾದ ಮೇಲೆ ತಿರುಗಾಡುವವರಂತೆ ನಿಧಾನವಾಗಿ ಓಡಾಡಿಕೊಂಡಿದ್ದವು, ಬದುಕಿದ್ದವು. ಆದರೆ ಗಾಣಕ್ಕಿಂತ ಮೇಲಿರುವ ಮಡುವಿನ ನೀರು ಬಿಟ್ಟದ್ದೇ ತಡ, ಎಲ್ಲ ತಳಕ್ಕೆ ಬಿದ್ದವು. ಈರಪ್ಪನ ಗಟಾರ ಅಲ್ಲಿಗೆ ಮುಟ್ಟುವುದೇ ಇಲ್ಲ. ಯಂತ್ರವನ್ನು ಕೇಳಿದೆವು. ಬೆಳೆಗೆ ಹೊಡೆಯುವ ಹುಳದ ಔಷಧ ಎಂದಿತು.

ವರದಿ ಒಯ್ದುಕೊಟ್ಟರೆ ಪಂಚಾಯತಿಯವರು ನಂಬಬೇಕಲ್ಲ! ಬಾಯಾರು ಆ ಮನೆಯ ಬೆಲ್ಲ ತಿಂದವರು ಎಂದ ಬಾಳಪ್ಪ. ತಿಂದದ್ದಂತೂ ನಿಜ. ನಮ್ಮ ಕಣ್ಣೆದುರಿಗೇ ತೋರಿಸಿ ಎಂದರು. ಬೆರಳುದ್ದದ ಚಿಪ್ಪನ್ನು ಇಡೀ ಊರಿಗೆ ಹೇಗೆ ತೋರಿಸುವುದು? ಮೈಕ್ರೋಸ್ಕೋಪಿಗೆ ಪಾಳಿ ಹಚ್ಚಿದರೆ ಕೊನೆಯವನು ನೋಡುವಷ್ಟರಲ್ಲಿ ಪಿಂಟ್ಯಾಗಳು ಮುಪ್ಪಿನಿಂದಲೇ ಸಾಯುತ್ತವೆ. ಚಿಂತೆ ಮಾಡುತ್ತ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದೆ. ಗೋಡೆಗೊರಗಿ ನಿಂತ ಮಹಾಚಿಪ್ಪು ನನ್ನನ್ನೇ ನೋಡುತ್ತಿತ್ತು.

ಹಣಮಂತರಾವ್ ಸಾಹೇಬರಿಗೆ ಹೇಳಿದಾಗ ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ನಾ ಹೇಳಿದ್ದೆ ಇಲ್ರಿ, ದೊಡ್ಡದು ಮಾಡ್ರಿ ಅಂತ!" ಎಂದರು. ನಾನು ತುಟಿ ಬಿಗಿಹಿಡಿದು ಹೌದ್ರಿ ಸರ್ ಎಂದೆ. ಇಡೀ ವೃತ್ತಿಜೀವನದಲ್ಲಿ ಆ ಮಾತಿನಷ್ಟು ಕಷ್ಟದ ಮಾತು ನಾನು ಆಡಿಲ್ಲ. ಸದಾನಂದ ಬಿಟ್ಟುಕೊಂಡ ಅಂಚಿಗೆ ಅಂಟು ಹಾಕಿದ, ಕಾಲುವೆಗಳನ್ನು ಒಂದಕ್ಕೊಂದು ಸೇರದಂತೆ ಬೇರೆ ಮಾಡಿದ. ಟೆಂಪೋದಲ್ಲಿ ಹೇರಿಕೊಂಡು ಹೊರಟೆವು. ಖಾನಾಪುರದ ಬಸ್ ನಿಲ್ದಾಣದ ಬಳಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಹಿರಿಯರು ಸುತ್ತ ತಿರುಗಿ ನೋಡಿ, "ಬಚ್ಚಲಕ್ಕ ಇಂಥಾ ಬಾಗಲಾ ಹಾಕಬಾರದ್ರಿ, ಒಳಗಿಂದೆಲ್ಲಾ ಕಾಣತೈತಿ" ಎಂದು ಬುದ್ಧಿ ಹೇಳಿದರು.

ಊರಿನ ಸಾಲೆಯ ಅಂಗಳದಲ್ಲಿ ಜನ ಸೇರಿದ್ದರು. ಯಾರಿಗೂ ಅನುಮಾನ ಬರಬಾರದೆಂದು ನಾನೊಂದು ಉಪಾಯ ಮಾಡಿದೆ. ಗಾಣದ ಗಟಾರದ ನೀರನ್ನು ಬಾಳಪ್ಪ ತರಬೇಕು, ಮಡುವಿನ ನೀರನ್ನು ಈರಪ್ಪ ತರಬೇಕು, ಊರ ನಳದ್ದನ್ನು ಸದಾನಂದ ತರಬೇಕು. ಬಾಳಪ್ಪ ಉತ್ಸಾಹದಿಂದ ಹೋದ. ಗಟಾರದ ತಳವನ್ನೇ ಕೆದರಿ, ಕೆಸರು ಕಬ್ಬಿನ ಸಿಪ್ಪೆ ಎಲ್ಲ ಸೇರಿಸಿ ಬಕೆಟ್ಟು ತುಂಬಿ ತಂದ. ಅದನ್ನು ನೋಡಿ ಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಮೂರೂ ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಬೇರೆ ಕಾಲುವೆಗೆ ಸುರಿದೆವು. ಚೆನ್ನಾಗಿ ಬೆಳೆದ, ಬರಿಗಣ್ಣಿಗೆ ಕಾಣುವಂತಹ ಪಿಂಟ್ಯಾಗಳನ್ನು ಪ್ರತಿ ಕಾಲುವೆಗೂ ಬಿಟ್ಟೆವು. ಬಿಸಿಲು ಹಿಂದಿನಿಂದ ಬೀಳುತ್ತಿತ್ತು, ಒಂದೊಂದು ಪಿಂಟ್ಯಾನೂ ಹೊಳೆಯುತ್ತಿತ್ತು.

ಮಕ್ಕಳು ಮುಂದೆ ಬಂದು ಕುಳಿತರು. ಹೆಂಗಸರು ಒಂದೊಂದು ಕಾಲುವೆ ಹಂಚಿಕೊಂಡು ನೋಡತೊಡಗಿದರು. ನಳದ ನೀರಿನಲ್ಲಿ ಪಿಂಟ್ಯಾಗಳು ಜಿಗಿಯುತ್ತಿದ್ದವು. ಗಟಾರದ ನೀರಿನಲ್ಲಿ ಮೊದಮೊದಲು ಮಂಕಾದವು. ಬಾಳಪ್ಪ, "ನೋಡ್ರಿ! ನೋಡ್ರಿ!" ಎಂದ. ನಾನು ಮೂಗು ತಾಗುವಷ್ಟು ಹತ್ತಿರ ಬಗ್ಗಿದೆ. ಬಾಳಪ್ಪ ತಳ ಕೆದರಿ ತಂದಿದ್ದಾನೆ, ಇಷ್ಟು ಹೊಲಸನ್ನು ನಾವು ಪ್ರಯೋಗಾಲಯದಲ್ಲಿ ಹಾಕಿರಲಿಲ್ಲ. ಈರಪ್ಪ ನೆಲ ನೋಡುತ್ತ ನಿಂತಿದ್ದ. ಆಮೇಲೆ ಒಂದು ಪಿಂಟ್ಯಾ ಕಾಲು ಜಾಡಿಸಿ ಮೇಲೆ ಜಿಗಿಯಿತು, ಅದರ ಹಿಂದೆ ಇನ್ನೊಂದು. "ಎದ್ದಾವ ಎದ್ದಾವ!" ಎಂದು ಮಕ್ಕಳು ಕೂಗಿದರು. ಅಷ್ಟರಲ್ಲಿ ಅತ್ತ ಕಡೆಯ ಹೆಂಗಸೊಬ್ಬಳು, "ಅಯ್ಯ, ಇಲ್ಲಿ ನೋಡ್ರಿ, ಇವೆಲ್ಲಾ ಬಿದ್ದೂವು" ಎಂದಳು. ಎಲ್ಲರೂ ತಿರುಗಿದರು. ಮಡುವಿನ ನೀರಿನ ಕಾಲುವೆಯಲ್ಲಿ ಒಂದೂ ಅಲುಗುತ್ತಿರಲಿಲ್ಲ.

ಹುಳದ ಔಷಧ ಎಂದೆ. ಮಡುವಿನಲ್ಲಿ ಯಾರು ಏನು ತೊಳೆಯುತ್ತೀರಿ ಎಂದು ಕೇಳಿದೆ. ಯಾರೂ ಹೇಳದೆಯೇ ಎಲ್ಲರ ಕಣ್ಣು ಒಂದೇ ಕಡೆ ಹೊರಳಿದವು. ಮಡುವಿನ ಬಾಜು ಇರುವುದು ಒಂದೇ ಹೊಲ.

"ನಾ ಬರೇ ಪಂಪ್ ತೊಳದೇನ್ರಿ" ಎಂದ ಬಾಳಪ್ಪ. ಅಷ್ಟು ಸಣ್ಣ ಧ್ವನಿ ಅವನಲ್ಲಿದೆ ಎಂದು ಊರಿಗೇ ಗೊತ್ತಿರಲಿಲ್ಲ. "ಔಷಧ ಹೊಡ್ಯೂ ಪಂಪ್. ಹರಿಯೂ ನೀರು, ಹೋಗ್ತೈತಿ ಬಿಡು ಅಂತ ಮಾಡಿದ್ನಿ. ಮೀನಾ ಸಾಯ್ತಾವಂತ ಖರೇನ ಗೊತ್ತಿರಲಿಲ್ರಿ."

ಬೈಗುಳ ಶುರುವಾಗುವುದಿತ್ತು. ನಾನೂ ಒಂದೆರಡು ಹುಡುಕಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಗಂಗವ್ವ ಎದ್ದಳು. ಸೆರಗಿನ ಗಂಟು ಬಿಚ್ಚಿ, ಹಿಂದಿನ ವರ್ಷದ ಬೆಲ್ಲದ ತುಣುಕು ತೆಗೆದು ಅಂಗೈ ಮೇಲಿಟ್ಟುಕೊಂಡು ಬಾಳಪ್ಪನ ಮುಂದೆ ಹೋಗಿ ನಿಂತಳು.

"ತಗೋ. ಅವತ್ತ ಬ್ಯಾಡ ಅಂದಿ."

ಬಾಳಪ್ಪ ಕೈ ಮುಂದೆ ಮಾಡಿದ. ಅವಳು ಕೈಗೆ ಕೊಡಲಿಲ್ಲ. "ಬಾಯಿ ತಗಿ" ಎಂದಳು. ಆ ದೊಡ್ಡ ಮೀಸೆಯ ಮನುಷ್ಯ ಊರೆಲ್ಲ ನೋಡುತ್ತಿರುವಾಗ ಕೂಸಿನಂತೆ ಬಾಯಿ ತೆರೆದ. ಅವಳು ಬೆಲ್ಲ ಇಟ್ಟಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು 'ತಪ್ಪಾತು ಯವ್ವಾ' ಎಂದದ್ದು ಬೆಲ್ಲದ ನಡುವೆ ಸಿಕ್ಕಿಕೊಂಡಿತು. ನನಗೂ ಕಣ್ಣು ಮಂಜಾಯಿತು, ನಾಚಿಕೆಯಿಲ್ಲದೆ ಸೆರಗಿನಿಂದ ಒರೆಸಿಕೊಂಡೆ. ಈರಪ್ಪ ಆಗಲೇ ಗಾಣದ ಕಡೆ ಓಡುತ್ತಿದ್ದ. ಒಲೆಯಲ್ಲಿ ಮಲಗಿದ್ದ ಬೆಕ್ಕನ್ನು ಮೊದಲು ಎಬ್ಬಿಸಬೇಕಾಗಿತ್ತು.

ನಾವು ಸಾಮಾನು ಕಟ್ಟುವ ಗಡಿಬಿಡಿಯಲ್ಲಿದ್ದೆವು. ತಿರುಗಿ ನೋಡಿದರೆ ಗಂಗವ್ವ ಮಹಾಚಿಪ್ಪಿನ ಮುಂದೆ ನಿಂತಿದ್ದಳು. ತನ್ನ ಮನೆಯ ಗಟಾರದಲ್ಲಿ ಬದುಕಿ ಮಗನ ಮಾನ ಉಳಿಸಿದ ಪಿಂಟ್ಯಾಗಳನ್ನು ಬಹಳ ಹೊತ್ತು ನೋಡಿದಳು. ನಾನು ಬೇಡ ಎನ್ನುವಷ್ಟರಲ್ಲಿ ಉಳಿದ ಬೆಲ್ಲವನ್ನೆಲ್ಲ ಪುಡಿ ಮಾಡಿ ಆ ಕಾಲುವೆಗೆ ಸುರಿದುಬಿಟ್ಟಳು.

"ಇವೂ ನಮ್ಮ ಮನಿಗಿ ಬಂದಾವಲ್ರಿ ಬಾಯಾರ. ಹಂಗ ಕಳಸಾಕ ಬರ್ತೈತೇನು?"

ಟೆಂಪೋ ಊರು ದಾಟುವಾಗ ಗಾಣದ ಹೊಗೆ ಮೇಲೇಳುವುದು ಕಂಡಿತು. ಖಾನಾಪುರ ಮುಟ್ಟುವಷ್ಟರಲ್ಲಿ ಆ ಕಾಲುವೆಯ ಪಿಂಟ್ಯಾಗಳೆಲ್ಲ ಬೆಲ್ಲದ ಪಾಕದಲ್ಲಿ ಮಿಸುಕಾಡದೆ ಮಲಗಿದ್ದವು. ಕೆಸರನ್ನು ತಡೆದುಕೊಂಡವು ಇದನ್ನು ತಡೆಯಲಿಲ್ಲ. ಸದಾನಂದ ಬಗ್ಗಿ ನೋಡಿ, ಟೋಪಿ ತೆಗೆದು, ನನ್ನ ಕಡೆ ತಿರುಗಿದ.

"ಮೇಡಮ್, ಇವು ಯಾಕ ಸತ್ತೂವು ಅಂತ ಬರೀಲಿ?"

"ಪಾವಣ್ಯಾರಿಗೆ ಉಪಚಾರ ಜಾಸ್ತಿ ಆತು ಅಂತ ಬರಿ" ಎಂದೆ.